ಮುಂದಿನ ಸೀಟು

ಅಕ್ಕಾ,

ನಿನ್ನ ಮಗಳ ಕಾಲಿಗೆ ಈಗ ಪೆಡಲು ಎಟುಕುತ್ತದೆ. ಇವತ್ತು ಅವಳನ್ನು ಹಿಂದೆ ಕೂರಿಸಿಕೊಂಡು ಇಬ್ಬರೂ ಒಟ್ಟಿಗೆ ತುಳಿಯುವ ನಮ್ಮ ಜೋಡಿ ಸೈಕಲ್ಲನ್ನು ಹಳೆಯ ಯುದ್ಧಭೂಮಿಯ ಪಾರ್ಕಿಗೆ ಒಯ್ದಿದ್ದೆ. ನೀನು ತೀರಿಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಗೇಟಿನಲ್ಲಿ ಇನ್ನೂ ಅದೇ ಬೋರ್ಡು: ‘ಸುಲಭದ ದಾರಿ, ಮಕ್ಕಳಿಗೂ ಸೂಕ್ತ.’ ಅದನ್ನು ಬರೆದ ಪುಣ್ಯಾತ್ಮ ಈ ಸೈಕಲ್ಲಿನ ಮುಂದಿನ ಸೀಟಿನಲ್ಲಿ ಕೂತವನಲ್ಲ, ಬಿಡು.

ಹಿಂದೆ ಕೂತವರಿಗೆ ಬ್ರೇಕಿಲ್ಲ, ತಿರುಗಿಸುವ ಗೋಜಿಲ್ಲ, ತುಳಿದರಾಯಿತು. ಅಷ್ಟು ವರ್ಷ ನಾನು ಅಲ್ಲೇ ಕೂತು, ನಿನ್ನ ಬೆನ್ನು ನೋಡುತ್ತಾ “ಜೋರಾಗಿ ಹೋಗೇ” ಎಂದು ಕೂಗುತ್ತಿದ್ದೆ.

ಫಿರಂಗಿಗಳ ಸಾಲು ದಾಟಿದೊಡನೆ ಇಳಿಜಾರು. ಇಬ್ಬರ ಭಾರಕ್ಕೆ ಸೈಕಲ್ಲು ನುಗ್ಗಿತು. ಕೆಳಗೆ, ಸೈನಿಕರ ಸಮಾಧಿಗಳ ತಿರುವಿನಲ್ಲಿ, ಪ್ರವಾಸಿಗರ ಗುಂಪೊಂದು ಫೋಟೋ ತೆಗೆಯುತ್ತಾ ರಸ್ತೆಗೆ ಅಡ್ಡ ನಿಂತಿತ್ತು. ಬ್ರೇಕ್ ಅದುಮಿದೆ. ಕಿರುಗುಟ್ಟಿತೇ ಹೊರತು ಹಿಡಿಯಲಿಲ್ಲ.

“ಇನ್ನೂ ಜೋರಾಗಿ ಹೋಗು, ಚಿಕ್ಕಮ್ಮಾ!”

“ತುಳೀಬೇಡ! ಸುಮ್ನೆ ಕೂತ್ಕೋ!”

ನನ್ನ ಕೂಗಿಗೆ ಗುಂಪು ಚದುರಿತು. ನಾವು ಹುಲ್ಲಿಗೆ ನುಗ್ಗಿ, ಸಮಾಧಿಯೊಂದರ ಕಲ್ಲಿಗೆ ಗೇಣು ದೂರದಲ್ಲಿ ನಿಂತೆವು. ಹ್ಯಾಂಡಲ್ ಬಿಡಲು ಬೆರಳುಗಳು ಒಪ್ಪಲಿಲ್ಲ.

“ಚಿಕ್ಕಮ್ಮಾ, ಹೆದರ್ಕೊಂಡ್ಯಾ?” ಅವಳ ದನಿ ಸಣ್ಣಗಾಗಿತ್ತು.

“ಛೇ, ನಂಗ್ಯಾಕೆ ಹೆದರಿಕೆ?” ಎಂದೆ. ಮುಖ ಕಾಣಬಾರದೆಂದು ಹಿಂದಿರುಗಿ ನೋಡಲಿಲ್ಲ.

ನಿನ್ನ ಆಪರೇಷನ್ನಿನ ದಿನ ಬೆಳಿಗ್ಗೆ ನಾನು ಕೇಳಿದಾಗ ನೀನೂ ಇದನ್ನೇ ಹೇಳಿದ್ದೆ, ಅಕ್ಕಾ. ಕಿಟಕಿಯ ಕಡೆ ಮುಖ ಮಾಡಿಕೊಂಡು, ನನಗೆ ಬೆನ್ನು ಹಾಕಿ.

ನಾನು ನಂಬಿ, ಆಫೀಸಿಗೆ ಹೋಗಿಬಿಟ್ಟೆ.