ಬಿಲ್ಲಿನ ಮೇಲಿನ ಶ್ರೀ

॥ ಶ್ರೀ ॥

ಟ್ಯಾಂಪಿನೀಸ್, ಸಿಂಗಪುರ
೮ ಮೇ ೨೦೦೫

ಪ್ರೀತಿಯ ಶಂಕ್ರೆವ್ವಕ್ಕನಿಗೆ ತಂಗಿ ವಿದ್ಯಾಶ್ರೀಯ ನಮಸ್ಕಾರಗಳು.

ಇಲ್ಲಿ ನಾವಿಬ್ಬರೂ ಆರಾಮ. ಉತ್ತರ ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ದಿಗಿಲಿನಲ್ಲಿ ಕೈಯೇ ಓಡುತ್ತಿರಲಿಲ್ಲ. ಉಳಿಯಿತು ಅಕ್ಕ! ಶುಕ್ರವಾರ ಪರ್ಮನೆಂಟ್ ಮಾಡಿದರು. ಅದೊಂದು ಆದಮೇಲೆ ಮಗಳನ್ನು ಕರೆಸಿಕೊಳ್ಳೋಣ ಎಂದು ಇವರು ಹೇಳುತ್ತಲೇ ಇದ್ದರಲ್ಲ, ಇನ್ನು ಐಶ್ವರ್ಯ ನಿನ್ನ ಮನೆಯಿಂದ ನಮ್ಮ ಹತ್ತಿರ ಬರಬಹುದು.

ನಡೆದದ್ದು ಕೇಳಿದರೆ ನಗುತ್ತೀಯ. ತಂಜಾಂಗ್ ಪಗಾರ್‌ನ ನಮ್ಮ ಆಫೀಸು ಡೆನ್ಮಾರ್ಕಿನ ಸರಕಾರಿ ಆಸ್ಪತ್ರೆಗಳಿಗೆ ರಬ್ಬರ್ ಕೈಗವಸು ಕಳಿಸುತ್ತದೆ. ಈ ವರ್ಷದಿಂದ ಅಲ್ಲಿ ಹೊಸ ಕಾನೂನು. ಸರಕಾರಕ್ಕೆ ಕಾಗದದ ಬಿಲ್ಲು ನಡೆಯದು, ಅವರು ಹೇಳಿದ ನಮೂನೆಯಲ್ಲೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗಬೇಕು. ಆ ಕೆಲಸ ನನ್ನ ತಲೆಗೆ ಬಂತು. ಕಳಿಸಿದ್ದೆಲ್ಲ ಗೋಡೆಗೆ ಹೊಡೆದ ಚೆಂಡಿನಂತೆ ವಾಪಸ್! ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮ್ಯಾನೇಜರ್ ಮಿಸೆಸ್ ಲಿಮ್ ಮುಖದ ಮೇಲೇ ಹೇಳಿದರು.

ಕೊನೆಗೆ ಕಂಪ್ಯೂಟರ್ ವಿಭಾಗದ ಗುರುಮೂರ್ತಿ, ದಾವಣಗೆರೆಯವರು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, “ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ನೋಡ್ತೀನಿ” ಎಂದರು. ಆಸ್ಪತ್ರೆಯ ನಂಬರ್ ಸೇರಿಸಲು ಫೈಲ್ ತೆರೆದೆ, ಎಲ್ಲಕ್ಕಿಂತ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಎಂದು ಟೈಪ್ ಮಾಡಿದೆ.

“ಮೇಡಂ, ಸ್ಟಾಪ್ ಸ್ಟಾಪ್! ಅದೇನು ಫಸ್ಟ್ ಲೈನು?”

“ಶ್ರೀ. ಅದಿಲ್ಲದೆ ಬಿಲ್ ಶುರು ಮಾಡೋದು ಹೆಂಗ್ರೀ?”

ಪುಣ್ಯಾತ್ಮ ಬಿದ್ದು ಬಿದ್ದು ನಕ್ಕರು. “ಈ ಫಾರ್ಮ್ಯಾಟಲ್ಲಿ ಮೇಲೆ ಒಂದು ಅಕ್ಷರ ಜಾಸ್ತಿ ಇದ್ರೂ ಫೈಲ್ ರಿಜೆಕ್ಟ್ ಆಗುತ್ತೆ. ದೇವರನ್ನ ಮನಸ್ಸಲ್ಲೇ ನೆನೆಸ್ಕೊಳ್ಳಿ.”

ನಮ್ಮ ಮನೆಯಲ್ಲಿ ಕಿರಾಣಿ ಚೀಟಿಗೂ ಶ್ರೀ ಬೇಕಲ್ಲ, ಕೈ ತಾನಾಗಿಯೇ ಬರೆದುಬಿಡುತ್ತದೆ. ನನಗೆ ಗೊತ್ತೇ ಆಗುತ್ತಿರಲಿಲ್ಲ ನೋಡು. ಅಳಿಸಿ ಕಳಿಸಿದೆ, ಎಲ್ಲವೂ ಪಾಸಾದವು. ಅಂದು ಮನೆಗೆ ಬರುವಾಗ ಎಂಆರ್‌ಟಿ ರೈಲಿನಲ್ಲಿ ಯಾರ ನಾಚಿಕೆಯೂ ಇಲ್ಲದೆ ಅತ್ತೆ. ಎದೆ ಹಗುರಾಯಿತು.

ಭಾವನವರಿಗೆ ಶರಣು ಹೇಳು. ಕಂದ ಐಶ್ವರ್ಯಳಿಗೆ ನನ್ನ ಆಶೀರ್ವಾದ, ಮುತ್ತು. ಶಿವ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ವಿದ್ಯಾ

ತಾ.ಕ.: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೋದ ಭಾನುವಾರ ನೀನು ಫೋನ್ ಕೊಡುವಾಗ ಐಶ್ವರ್ಯ, “ಅವ್ವಾ, ಸಿಂಗಪುರ ಆಂಟಿ ಜೋಡಿ ನಾ ಮಾತಾಡಂಗಿಲ್ಲ” ಅಂದದ್ದು ಕೇಳಿಸಿತು. ಅವ್ವಾ ಅಂದದ್ದು ನಿನಗೆ. ನೀನು ಗದರಿದ್ದೂ ಕೇಳಿಸಿತು. ಗದರಬೇಡ ಅಕ್ಕ. ಅವಳನ್ನು ಕರೆತರುವಾಗ ನೀನೂ ಒಂದೆರಡು ತಿಂಗಳು ಇದ್ದು ಹೋಗು. ನನ್ನೊಬ್ಬಳ ಹತ್ತಿರ ಅವಳು ಮಲಗಲಿಕ್ಕಿಲ್ಲ.