ಎಡಗಡೆ ಚಕ್ರ ಬಾಕಿ

ಅಪ್ಪಾ,

ಗೋಡೆಯ ಕಡೆ ಮುಖ ಮಾಡಿ ಮಲಗಿರುವ ನಿನಗೆ, ನಿನ್ನದೇ ಶೆಡ್ಡಿನಲ್ಲಿ ನಿನ್ನದೇ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮಿಬ್ಬರ ನಡುವೆ ಇರುವುದು ಒಂದು ಅಂಗಳ, ಒಂದು ಬಾಗಿಲು. ಎದ್ದು ಬಂದು ಹೇಳಿದರೆ ಮುಗಿಯುವ ವಿಷಯ. ಆದರೆ ನಿನ್ನ ಎದುರು ನಿಂತರೆ ನನಗೆ ಅಳು ಬರುತ್ತದೆ, ಅಳು ಬಂದರೆ ಮಾತು ಹೊರಡುವುದಿಲ್ಲ. ಮಾತು ಹೊರಡದವರು ಮನೆಗೆ ಒಬ್ಬರಿದ್ದರೆ ಸಾಕು. ಅದಕ್ಕೇ ಬರೆದುಕೊಂಡು ಬಂದು ನಿನ್ನ ಕಿವಿಯ ಹತ್ತಿರ ಓದುತ್ತೇನೆ. ನೀನು ಈ ಕಡೆ ತಿರುಗದಿದ್ದರೂ ಓದುತ್ತೇನೆ.

ಬರೆಯುತ್ತಿರುವುದು ಯಾವ ಕಾಗದದ ಮೇಲೆ ಗೊತ್ತೇ? ಶೋರೂಮಿನವರು ನಮ್ಮ ವ್ಯಾನಿನ ಬ್ರೇಕ್ ರಿಪೇರಿಗೆ ಕೊಟ್ಟ ಎಸ್ಟಿಮೇಟಿನ ಬೆನ್ನ ಮೇಲೆ. ನಾಲ್ಕು ಹಾಳೆ ಇದೆ. ನೀನಾಗಿದ್ದರೆ ಸಿಗರೇಟು ಪ್ಯಾಕಿನ ರಟ್ಟಿನ ಮೇಲೆ ಒಂದೇ ಸಾಲಿನಲ್ಲಿ ಬರೆದು ಕೊಡುತ್ತಿದ್ದೆ.

ನೀನು ಐದು ದಿನದಿಂದ ಸರಿಯಾಗಿ ತುತ್ತು ನುಂಗಿಲ್ಲ. ಅಮ್ಮ ಚಮಚ ಹಿಡಿದುಕೊಂಡು ಕಾದು ಕಾದು ಅದನ್ನು ತಟ್ಟೆಗೆ ವಾಪಸು ಹಾಕುತ್ತಾಳೆ. ನಾಳೆಯೂ ಹೀಗೇ ಆದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಹೋಗಿದ್ದಾರೆ. "ರೋಗಿಗೇ ಮನಸ್ಸಿಲ್ಲದಿದ್ರೆ ನಾವೇನು ಮಾಡೋಕಾಗುತ್ತೆ" ಅಂದರು. ನಿನ್ನ ಮನಸ್ಸು ಎಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಇವತ್ತು ಬೆಳಿಗ್ಗೆ ಗೊತ್ತಾಯಿತು. ಎರಡು ತಿಂಗಳು ತಡವಾಗಿ ಗೊತ್ತಾಯಿತು. ನನ್ನಂಥ ಮಂಕುದಿಣ್ಣೆಯನ್ನು ಹೇಗೆ ಸಾಕಿದೆಯೋ.

ಹೋದ ವಾರ ಸೇತುವೆಯ ಇಳಿಜಾರಿನಲ್ಲಿ ಏನಾಯಿತು ಎಂಬುದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ನಾನು ಸೆಂಟರಿಗೆ ಬಿಟ್ಟು ಕರೆತರುವ ನಾಲ್ವರು ರೋಗಿಗಳೂ ಡಯಾಲಿಸಿಸ್ ಮುಗಿಸಿ ವ್ಯಾನಿನ ಹಿಂದೆ ಕೂತಿದ್ದರು. ಬ್ರೇಕ್ ಒತ್ತಿದೆ, ಮುಂದೆ ಎಲ್ಲೋ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು ಬಂತು, ಸ್ಟೇರಿಂಗು ನನ್ನ ಕೈ ಕಿತ್ತುಕೊಂಡು ಬಲಕ್ಕೆ ಓಡಿತು. ಹೇಗೋ ಎಳೆದು, ಚಕ್ರವನ್ನು ಫುಟ್‌ಪಾತಿನ ಕಲ್ಲಿಗೆ ಉಜ್ಜಿಸಿ ನಿಲ್ಲಿಸಿದೆ. ರಿಟೈರಾದ ಟೀಚರಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಮಾರನೆಯ ದಿನ ಅವರು ಹಣೆಗೆ ಪ್ಲಾಸ್ಟರು ಹಾಕಿಕೊಂಡೇ ನಿನ್ನನ್ನು ನೋಡಲು ಬಂದರು. "ನಿಮ್ಮ ಮಗಳು ನಂಗೆ ಮೂರನೇ ಕಣ್ಣು ತೆಗೆಸಿಬಿಟ್ಟಳು ನೋಡ್ರಿ" ಎಂದು ನಕ್ಕರು. ಎಲ್ಲರೂ ನಕ್ಕೆವು. ನೀನು ಆ ಪ್ಲಾಸ್ಟರನ್ನೇ ನೋಡಿದೆ, ಕಣ್ಣು ಮುಚ್ಚಿದೆ, ಗೋಡೆಯ ಕಡೆ ತಿರುಗಿದೆ. ಅವತ್ತಿನಿಂದ ಹೀಗೆ.

ನಾನು ಅದನ್ನು ಹೇಗೆ ಓದಿಕೊಂಡೆ ಗೊತ್ತೇ ಅಪ್ಪಾ? ಮಗಳ ಕೈಗೆ ಗಾಡಿ ಕೊಟ್ಟಿದ್ದೇ ತಪ್ಪಾಯಿತು ಅಂದುಕೊಂಡೆಯೇನೋ ಎಂದು. ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಹಾಸಿಗೆ ಹಿಡಿದ ಅಪ್ಪನ ಮೇಲೆ ನನಗೆ ಸಿಟ್ಟು ಬಂತು.

ಆ ಸಿಟ್ಟನ್ನು ಹೊತ್ತುಕೊಂಡೇ ಇವತ್ತು ಶೋರೂಮಿಗೆ ಹೋದೆ. ನೆಲ ಹೊಳೆಯುತ್ತದೆ, ಎಣ್ಣೆಯ ವಾಸನೆಯೇ ಇಲ್ಲ. ಕೋಳಿಮರಿ ಬಣ್ಣದ ಟೈ ಕಟ್ಟಿಕೊಂಡ ಅಡ್ವೈಸರು ನನ್ನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ ಈ ನಾಲ್ಕು ಹಾಳೆ ಕೈಗಿಟ್ಟ. ನಾಲ್ಕೂ ಚಕ್ರದ ಬ್ರೇಕು, ಎರಡು ಡಿಸ್ಕು, ಡಿಸ್ಕಿಗೆ ಪ್ಯಾಡು ಒತ್ತುವ ಎರಡು ಕ್ಯಾಲಿಪರು, ಪೈಪುಗಳು, ಆಯಿಲು, ಕೊನೆಗೆ 'ಸುರಕ್ಷತಾ ತಪಾಸಣೆ' ಎಂದು ಒಂದು ಸಾಲು. ಮೊತ್ತವನ್ನು ಎರಡು ಸಲ ಓದಿದೆ. ಮೂರು ತಿಂಗಳು ಒಂದು ದಿನವೂ ಬಿಡದೆ ವ್ಯಾನ್ ಓಡಿಸಿ, ಮನೆಯಲ್ಲಿ ಯಾರೂ ಉಣ್ಣದಿದ್ದರೆ ಅಷ್ಟು ಉಳಿಯಬಹುದು. ಸೋಮವಾರಕ್ಕೆ ಗಾಡಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಡಯಾಲಿಸಿಸ್ ಸೆಂಟರಿನವರು ಆಗಲೇ ಹೇಳಿದ್ದರು.

"ಮೇಡಂ, ಬ್ರೇಕ್ ವಿಷ್ಯದಲ್ಲಿ ರಿಸ್ಕ್ ತಗೋಬಾರ್ದು. ಪ್ರಾಣದ ಪ್ರಶ್ನೆ," ಅಂದ ಟೈ.

"ಮುಂದಿನ ಬ್ರೇಕ್ ಪ್ಯಾಡು ಹಾಕಿ ಇನ್ನೂ ಎರಡೇ ತಿಂಗಳಾಗಿದೆ ಕಣ್ರೀ. ನಮ್ಮಪ್ಪನೇ ಹಾಕಿದ್ದು. ಹೊಸ ಡಬ್ಬಿ ನಾನೇ ತಂದುಕೊಟ್ಟಿದ್ದೆ. ಯಾರಿಗೆ ಟೋಪಿ ಹಾಕೋಕೆ ನೋಡ್ತಿದೀರಾ?" ಅಂದೆ. ಕಾಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ನನಗೆ ಅದೇ ಬೇಕಿತ್ತು. ಎರಡು ತಿಂಗಳಿಂದ ನಿನ್ನ ಮೇಲೆ, ನಿನ್ನ ಕಾಯಿಲೆಯ ಮೇಲೆ, ದೇವರ ಮೇಲೆ ಕೂಗಾಡಲಾಗದೆ ಉಳಿದದ್ದನ್ನೆಲ್ಲ ಆ ಟೈ ಮೇಲೆ ಕೂಗಿದೆ. ನೆಲದ ಮೇಲೆ ಎಳೆದಿದ್ದ ಹಳದಿ ಗೆರೆಯಿಂದಾಚೆ ಗಿರಾಕಿಗಳು ಹೋಗುವಂತಿಲ್ಲವಂತೆ. ನಾನು ಹೋದೆ. "ನನ್ನ ಕಣ್ಣೆದುರಿಗೇ ಚಕ್ರ ಬಿಚ್ಚಿ. ಪ್ಯಾಡಿನ ಬೆನ್ನ ಮೇಲೆ ನಮ್ಮಪ್ಪನ ಗುರುತಿರುತ್ತೆ, ತಾರೀಖಿರುತ್ತೆ."

ಅಲ್ಲಿನ ಫೋರ್‌ಮನ್ ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಮೊದಲು ಬಲಗಡೆ ಚಕ್ರ ಬಿಚ್ಚಿಸಿದರು. ಪ್ಯಾಡುಗಳು ದಪ್ಪಗೆ, ಹೊಸದಾಗಿ ಕೂತಿದ್ದವು. ಬೆನ್ನ ಮೇಲೆ ಮೊಳೆಯಲ್ಲಿ ಗೀಚಿದ ನಿನ್ನ ತ್ರಿಕೋನ, ನಡುವೆ ಚುಕ್ಕಿ, ಕೆಳಗೆ ಆ ದಿನದ ತಾರೀಖು. ನೀನು ಬಿದ್ದ ದಿನದ ತಾರೀಖು. ಫೋರ್‌ಮನ್ ಬೆರಳಾಡಿಸಿ, "ಒಳ್ಳೆ ಕೈ," ಅಂದರು. ನಾನು ಟೈ ಕಡೆ ತಿರುಗಿ ಹೇಗೆ ನೋಡಿದೆನೆಂದರೆ, ಪಾಪ, ಅವನು ತನ್ನ ಟೈ ಸರಿಮಾಡಿಕೊಂಡ.

ಆಮೇಲೆ ಎಡಗಡೆ ಬಿಚ್ಚಿದರು.

ಪ್ಯಾಡಿನಲ್ಲಿ ಸವೆಯಲು ಏನೂ ಉಳಿದಿರಲಿಲ್ಲ. ಬರೀ ಕಬ್ಬಿಣದ ತಗಡು. ಡಿಸ್ಕಿನ ಮೇಲೆ ಉಗುರು ಹೂತುಹೋಗುವಷ್ಟು ಗೀರುಗಳು. ಬೆನ್ನ ಮೇಲೆ ಅದೇ ತ್ರಿಕೋನ, ಅದೇ ಚುಕ್ಕಿ, ತಾರೀಖು ಮಾತ್ರ ಮೂರು ವರ್ಷ ಹಿಂದಿನದು. ಫೋರ್‌ಮನ್ ಕನ್ನಡಕ ತೆಗೆದು, ನನ್ನನ್ನಲ್ಲ, ಚಕ್ರವನ್ನೇ ನೋಡುತ್ತಾ ಹೇಳಿದರು: "ಹಿಂಗೆ ಗುರುತು ಹಾಕೋ ಮನುಷ್ಯ ಒಂದು ಕಡೆ ಹೊಸದು ಹಾಕಿ ಇನ್ನೊಂದು ಕಡೆ ಹಂಗೇ ಬಿಡೋನಲ್ಲಮ್ಮ. ಯಾರೋ ಮಧ್ಯದಲ್ಲಿ ಎಬ್ಬಿಸಿದಾರೆ."

ಎಬ್ಬಿಸಿದವಳು ನಾನು ಅಪ್ಪಾ.

ನಿನ್ನ ಪದ್ಧತಿ ಒಂದೇ: ಬಲಗಡೆ ಮುಗಿಸಿ ಕೈ ತೊಳೆದು ಟೀ ಕುಡಿಯುವುದು, ಆಮೇಲೆ ಎಡಗಡೆ ಬಿಚ್ಚುವುದು. ಕೆಲಸ ಪೂರ್ತಿ ಮುಗಿಯುವ ತನಕ ಗಾಡಿಯ ಬೀಗದಕೈ ನಿನ್ನ ಅಂಗಿಯ ಜೇಬಿನಲ್ಲೇ ಇರುವುದು. ಗಾಡಿಯ ಯಜಮಾನ ಎಷ್ಟೇ ದೊಡ್ಡವನಾಗಿರಲಿ, ಜೇಬಿಗೆ ಕೈ ಹಾಕಿದರೆ ನೀನು ಬೈಯುತ್ತಿದ್ದೆ. ಇದೆಲ್ಲ ನನಗೆ ಫ್ರಾಕು ಹಾಕುವ ಕಾಲದಿಂದ ಗೊತ್ತು. ಅವತ್ತು ಟೀಚರಮ್ಮನ ಸರದಿ ಒಂದು ಗಂಟೆ ಮುಂಚೆ ಮಾಡಿದ್ದಾರೆಂದು ಫೋನ್ ಬಂತು. ಓಡಿ ಬಂದೆ. ಜಾಕ್ ಇಳಿದು ವ್ಯಾನ್ ನಾಲ್ಕೂ ಚಕ್ರದ ಮೇಲೆ ನಿಂತಿತ್ತು. ನೀನು ನಲ್ಲಿಯ ಹತ್ತಿರ ಬಗ್ಗಿ ಸೋಪು ಹಚ್ಚಿಕೊಳ್ಳುತ್ತಿದ್ದೆ. ಮುಗಿಯಿತು ಅಂದುಕೊಂಡೆ. ಮುಗಿಯಿತಾ ಎಂದು ಕೇಳಲಿಲ್ಲ. ಕೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು ಅಪ್ಪಾ? ಹಿಂದಿನಿಂದ ಬಂದು ನಿನ್ನ ಜೇಬಿನಿಂದ ಬೀಗದಕೈ ಕಿತ್ತುಕೊಂಡೆ. ನೀನು ಸೋಪಿನ ಕೈಯನ್ನೇ ಎತ್ತಿಕೊಂಡು ವ್ಯಾನಿನ ಹಿಂದೆ ಬಂದೆ. ನಾನು ಗಾಜು ಏರಿಸಿದ್ದೆ. ಕನ್ನಡಿಯಲ್ಲಿ ನಿನ್ನ ಬಾಯಿ ಆಡುವುದು ಕಂಡಿತು. ಅದೇ ಹಳೆಯ ಪುರಾಣ, ನಿಧಾನ ಹೋಗು, ಹಾರನ್ ಹೊಡಿ ಎಂದು, ಅಂದುಕೊಂಡು ಕೈ ಬೀಸಿ ಹೊರಟೆ. ನಿನ್ನ ಬಾಯಿಂದ ಬಂದ ಕೊನೆಯ ಮಾತು ಅದು. ನಾನು ಗಾಜಿನ ಈಚೆ ಇದ್ದೆ.

ನಾನು ಎರಡು ಗಂಟೆ ಬಿಟ್ಟು ಬರುವಷ್ಟರಲ್ಲಿ ನೀನು ಗೇಟಿನ ಹತ್ತಿರ ಬಿದ್ದಿದ್ದೆ. ಬಲಗಡೆಯ ಕೈಕಾಲು ಹೋಗಿತ್ತು, ಮಾತು ಹೋಗಿತ್ತು.

ಆಮೇಲೆ ದಿನಾ ಬೆಳಿಗ್ಗೆ ನಾನು ನಿನ್ನ ಕೋಣೆಯ ಗೋಡೆಯ ಮೊಳೆಯಿಂದ ಬೀಗದಕೈ ತೆಗೆದಾಗಲೆಲ್ಲ ನೀನು ಎಡಗೈಯಿಂದ ಮಂಚದ ಪಟ್ಟಿಗೆ ಬಡಿಯುತ್ತಿದ್ದೆ. ಕಣ್ಣು ಕೆಂಪಗಾಗುವ ತನಕ ಬಡಿಯುತ್ತಿದ್ದೆ. "ನೀನು ಗಾಡಿ ಓಡ್ಸೋದು ಅವರಿಗೆ ಮೊದಲಿಂದ್ಲೂ ಅಷ್ಟಕ್ಕಷ್ಟೇ," ಅಂದಳು ಅಮ್ಮ. ನನಗೂ ಹಾಗೇ ಅನ್ನಿಸಿತು. ಬೀಗದಕೈಯನ್ನು ಅಡುಗೆಮನೆಗೆ ಸಾಗಿಸಿದೆ. ಆಗ ನೀನು ಇಂಜಿನ್ನಿನ ಸದ್ದಿಗೆ ಬಡಿಯತೊಡಗಿದೆ. ಸ್ಲೇಟು ಕೊಟ್ಟರೆ ಎಡಗೈಯಲ್ಲಿ ಒಂದು ವೃತ್ತ ಬರೆದು, ಅದರೊಳಗೆ ಇನ್ನೊಂದು ವೃತ್ತ ಬರೆದೆ. ಅಮ್ಮ ಹಸಿವಾಗಿದೆಯೆಂದು ತಟ್ಟೆ ತಂದಿಟ್ಟಳು. ನೀನು ತಟ್ಟೆ ತಳ್ಳಿದೆ. ಅನ್ನವೆಲ್ಲ ನೆಲದ ಪಾಲಾಯಿತು. ನಾನು ನಿನ್ನನ್ನು ಗದರಿದೆ. ಚಕ್ರ ಬರೆದು ತೋರಿಸಿದ ಮನುಷ್ಯನನ್ನು, ನಲವತ್ತು ವರ್ಷ ಚಕ್ರ ಬಿಚ್ಚಿದವನ ಮಗಳಾಗಿ ನಾನು ಗದರಿದೆ.

ನನಗೆ ಗಾಡಿ ಓಡಿಸಲು ಕಲಿಸಿದ್ದು ನೀನೇ. ಈ ವ್ಯಾನನ್ನು ಗುಜರಿಯಿಂದ ತಂದು ನನಗಾಗಿ ಎಬ್ಬಿಸಿ ನಿಲ್ಲಿಸಿದ್ದೂ ನೀನೇ. ಅದನ್ನೆಲ್ಲ ಮರೆತು, ನಿನ್ನ ಬಡಿತವನ್ನು ಅಸಮಾಧಾನ ಅಂದುಕೊಂಡೆನಲ್ಲ, ಅದು ನನ್ನನ್ನು ತಿನ್ನುತ್ತಿದೆ. ನೀನು ಒಂದು ದಿನವೂ ಬಾಯಿ ಬಿಟ್ಟು ಭೇಷ್ ಅನ್ನಲಿಲ್ಲ, ಅದರ ಸೇಡನ್ನು ಹೀಗೆ ತೀರಿಸಿಕೊಂಡೆನೋ ಏನೋ. ದಿನಾ ನಾಲ್ಕು ಜೀವ ಹೊತ್ತುಕೊಂಡು ಮಗಳು ಹೋಗುವುದನ್ನು ನೀನು ಮಲಗಿದಲ್ಲಿಂದ ಕೇಳಿಸಿಕೊಂಡೆ. ವಾಪಸು ಬರುವ ತನಕ ಹೇಗಿರುತ್ತಿದ್ದೆ ಅಪ್ಪಾ? ಟೀಚರಮ್ಮನ ಹಣೆ ನಿನ್ನಿಂದ ಒಡೆಯಿತು ಅಂದುಕೊಂಡು ಅನ್ನ ಬಿಟ್ಟೆಯಲ್ಲವೇ? ನಿನ್ನಿಂದ ಅಲ್ಲ. ಕೇಳಿಸುತ್ತಿದೆಯಾ? ನಿನ್ನಿಂದ ಅಲ್ಲ. ನಿನ್ನ ಕೈ ಕೆಲಸ ಬಿಡಲಿಲ್ಲ, ನಾನು ಬಿಡಿಸಿದೆ.

ಎಸ್ಟಿಮೇಟಿನ ವಿಷಯವನ್ನು ಮಾತ್ರ ಸುಮ್ಮನೆ ಬಿಟ್ಟು ಬರಲಿಲ್ಲ. ತಪ್ಪು ನನ್ನದಾದರೂ ನಾಲ್ಕು ಹಾಳೆ ನನ್ನ ತಪ್ಪಲ್ಲವಲ್ಲ. ಕಣ್ಣು ಒರೆಸಿಕೊಂಡು ಒಂದೊಂದೇ ಸಾಲು ಓದಿ, "ಇದು ಬೇಕಾ?" ಎಂದು ಫೋರ್‌ಮನ್ನರನ್ನೇ ಕೇಳಿದೆ. ಟೈ ಬಾಯಿ ತೆರೆಯುವ ಮುಂಚೆ ಅವರೇ, "ಹಿಂದಿನದು ಇನ್ನೂ ಒಂದು ವರ್ಷ ಬರುತ್ತೆ. ಕ್ಯಾಲಿಪರ್ ಜಾಮ್ ಆಗಿಲ್ಲ. ಪೈಪಿಗೇನೂ ಆಗಿಲ್ಲ. ಡಿಸ್ಕು ಮಾತ್ರ ಜೋಡಿ ತಗೋ, ಎಡಗಡೆಗೆ ಪ್ಯಾಡು," ಅಂದರು. ನಾಲ್ಕು ಹಾಳೆ ಎರಡು ಸಾಲಾಯಿತು. ಟೈ ಇನ್ನು ಆರು ತಿಂಗಳು ಅವರ ಮುಖ ನೋಡಲಿಕ್ಕಿಲ್ಲ.

ಪ್ಯಾಡನ್ನು ನಾನು ಕೊಳ್ಳಲಿಲ್ಲ. ಒಂದು ಡಬ್ಬಿಯಲ್ಲಿ ನಾಲ್ಕು ಬರುತ್ತವೆ, ಎರಡು ಬಲಕ್ಕೆ, ಎರಡು ಎಡಕ್ಕೆ, ಎಂದು ಅಲ್ಲೇ ನಿಂತು ಲೆಕ್ಕ ಹೊಳೆಯಿತು. ಮನೆಗೆ ಬಂದು ಶೆಡ್ಡನ್ನೆಲ್ಲ ಜಾಲಾಡಿದೆ. ಅಮ್ಮ ಅವತ್ತು ಗುಡಿಸುವಾಗ ಎತ್ತಿಟ್ಟಿದ್ದಳಂತೆ, ಡಬ್ಬಿ ಸ್ಪ್ಯಾನರ್ ಪೆಟ್ಟಿಗೆಯ ಕೆಳಗಿತ್ತು. ತೆಗೆದು ನೋಡಿದರೆ ಎರಡು ಪ್ಯಾಡು. ಕೆಲಸ ಶುರುಮಾಡುವ ಮುಂಚೆಯೇ ನಾಲ್ಕಕ್ಕೂ ಗುರುತು ಹಾಕಿಬಿಡುವವನು ನೀನು. ತ್ರಿಕೋನ, ಚುಕ್ಕಿ, ಅವತ್ತಿನ ತಾರೀಖು. ಅವುಗಳನ್ನು ಮಡಿಲಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕಚ್ಚಾ ರಸ್ತೆಯ ಕಡೆಯಿಂದ ಸದ್ದು ಬರುತ್ತಿದೆ. ವ್ಯಾನನ್ನು ಎಳೆದುಕೊಂಡು ಟೋಯಿಂಗ್ ಗಾಡಿ ಬಂತು ಅನ್ನಿಸುತ್ತದೆ. ಹೊಸ ಡಿಸ್ಕೂ ಅದರಲ್ಲೇ ಇದೆ. ಅಲ್ಲೇ ಹಾಕಿಕೊಡುತ್ತೇವೆ ಅಂದರು, ನಾನು ಬೇಡವೆಂದೆ. ಈಗ ನಾನೂ ಅಮ್ಮನೂ ನಿನ್ನನ್ನು ಕುರ್ಚಿ ಸಮೇತ ಎತ್ತಿ ಶೆಡ್ಡಿಗೆ ತರುತ್ತೇವೆ. ಜಾಕ್ ಹಾಕುವುದು ನಾನು, ಬಿಚ್ಚುವುದು ನಾನು, ಎಡಗಡೆಯ ಎದುರಿಗೇ ನೀನು. ಕೆಲಸ ಮುಗಿಯುವ ತನಕ ಬೀಗದಕೈ ನಿನ್ನ ಜೇಬಿನಲ್ಲಿ. ನೋಡಿ, ತಲೆಯಾಡಿಸಿ, ನೀನೇ ಕೊಟ್ಟರೆ ಮಾತ್ರ ಸೋಮವಾರ ಗಾಡಿ ಹೊರಡುತ್ತದೆ. ಕೊಡದಿದ್ದರೆ ಸೆಂಟರಿನವರು ಬೇರೆಯವರನ್ನು ನೋಡಿಕೊಳ್ಳಲಿ. ನನ್ನ ಕೈ ತಪ್ಪಿದರೆ ಕುರ್ಚಿಯ ಹಿಡಿಗೆ ಬಡಿ. ಎಷ್ಟು ಜೋರಾಗಿ ಬೇಕಾದರೂ ಬಡಿ. ಈ ಸಲ ನಿಲ್ಲಿಸಿ ಕೇಳುತ್ತೇನೆ.

ಅದಕ್ಕೆ ಮುಂಚೆ ಒಂದೇ ಒಂದು ತುತ್ತು, ನನ್ನ ಕೈಯಿಂದ. ಕಾಲಿಗೆ ಬೀಳುತ್ತೇನೆ ಅಪ್ಪಾ, ಗೋಡೆ ಬಿಟ್ಟು ಈ ಕಡೆ ತಿರುಗು. ನಿನ್ನ ಕೈಗೆ ಇನ್ನೂ ನೂರು ಚಕ್ರಗಳ ಆಯುಸ್ಸಿರಲಿ.

ಗಾಜು ಇಳಿಸಿಕೊಂಡು ಕಾಯುತ್ತಿರುವ
ನಿನ್ನ ಮಗಳು