ಅಕ್ಕ ಓದದೇ ಬಿಟ್ಟ ಪುಟಗಳು

ಜೂನ್ 4, ಬೆಳಿಗ್ಗೆ 7
ಅಕ್ಕನಿಗೆ ಡ್ರಾಪ್ಸ್ ಹಾಕಿದ್ದಾಯಿತು. ಆಪರೇಷನ್ ಆಗಿ ಮೂರನೇ ದಿನ. ಬಲಗಣ್ಣಿನ ರೆಟಿನಾ, ಅಂದರೆ ಕಣ್ಣೊಳಗಿನ ಪರದೆ, ಕಳಚಿಕೊಂಡಿತ್ತು. ಅದನ್ನು ಒತ್ತಿ ಹಿಡಿಯಲು ಒಳಗೆ ಗ್ಯಾಸ್ ತುಂಬಿದ್ದಾರೆ. ಗ್ಯಾಸ್ ಅಲ್ಲೇ ನಿಲ್ಲಲು ಇನ್ನೂ ಒಂದು ವಾರ ಬೋರಲಾಗಿಯೇ ಮಲಗಬೇಕು. ಓದುವಂತಿಲ್ಲ. ಬಂದರಿನಲ್ಲಿ ಕ್ರೇನ್ ನಡೆಸುವವಳು... ಈಗ ನೆಲದ ಟೈಲ್ಸ್ ಎಣಿಸುತ್ತಾಳೆ.

ಅದೇ ದಿನ, ಸಂಜೆ
ಟ್ರಂಕಿನಿಂದ ಅಜ್ಜನ ಸಾಹಸದ ಪುಸ್ತಕಗಳನ್ನು ತೆಗೆದೆ. ಐವತ್ತು-ಅರವತ್ತರ ದಶಕದವು. ಮುಳುಗುವ ಹಡಗು, ಮರಳುಗಾಡಿಗೆ ಬಿದ್ದ ವಿಮಾನ, ಹಿಮಪರ್ವತ. ಚಿಕ್ಕಂದಿನಲ್ಲಿ ನನಗೆ ಟೈಫಾಯ್ಡ್ ಆದಾಗ ಅಕ್ಕ ಇವನ್ನೆಲ್ಲ ಓದಿ ಹೇಳಿದ್ದಳು. ಅವಳು ಕ್ರೇನ್ ಹತ್ತಿದಳು. ನಾನು ದರ್ಜಿಯಾದೆ — ಸ್ಟೂಲ್ ಹತ್ತಿದರೂ ತಲೆಸುತ್ತು.
ಮಂಚದ ಪಕ್ಕ ನೆಲದ ಮೇಲೆ ಮಲಗಿ ಓದಿದೆ. ಅವಳಿಗೆ ನನ್ನ ಮುಖವಾದರೂ ಕಾಣಲಿ.

ಜೂನ್ 7
ಹಿಮಪರ್ವತ. ನನಗೆ ಚೆನ್ನಾಗಿ ನೆನಪಿದೆ: ತಮ್ಮ ಬಿರುಕಿಗೆ ಜಾರುತ್ತಾನೆ, ಅಣ್ಣ ಹಗ್ಗ ಎಳೆದು ಉಳಿಸುತ್ತಾನೆ.
ಪುಸ್ತಕದಲ್ಲಿ ಹಗ್ಗ ತುಂಡಾಗುತ್ತದೆ. ಅಣ್ಣ ಒಬ್ಬನೇ ಇಳಿಯುತ್ತಾನೆ. ಆ ಇಳಿಯುವುದೇ ಹನ್ನೊಂದು ಪುಟ.
ನೀನು ಹೇಳಿದ್ದು ಹೀಗಲ್ಲವಲ್ಲ, ಎಂದೆ.
"ನಿಂಗೆ ನೂರಾನಾಲ್ಕು ಜ್ವರ ಇತ್ತು ಕಣೋ. ತಮ್ಮನ್ನ ಹೇಗೆ ಬಿಟ್ಟು ಬರ್ಲಿ?"
ಆಗ ಅವಳಿಗೆ ಹನ್ನೊಂದು ವರ್ಷ. ಓದುವ ದನಿಯಲ್ಲೇ ಪುಟ ಮಗುಚುತ್ತ, ಇಲ್ಲದ ಹಗ್ಗ ಹೊಸೆದಿದ್ದಾಳೆ. ನನಗೆ ಸುಳಿವೂ ಸಿಗಲಿಲ್ಲ.
ಈಗ ಇದ್ದದ್ದನ್ನು ಇದ್ದ ಹಾಗೇ ಓದು ಎಂದಳು. ಹನ್ನೊಂದೂ ಪುಟ ಓದಿದೆ.

ಜೂನ್ 8
ಮರಳುಗಾಡು. ನಡುವೆ ನಿಲ್ಲಿಸಿದಳು.
"ಕಣ್ಣು ಬರದಿದ್ರೆ ಹೊಲಿಗೆ ಕಲಿಸ್ತೀಯಾ?"
ಗುಂಡಿ ಹಾಕುವುದರಿಂದ ಶುರು ಎಂದೆ. ನಕ್ಕಳು. ಆಮೇಲೆ, ಭಯ ಆಗುತ್ತಿದೆ ಎಂದಳು. ಐವತ್ತು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಮೊದಲ ಸಲ. ಸಮಾಧಾನದ ಮಾತು ತುದಿನಾಲಗೆಗೆ ಬಂದಿತ್ತು. ನುಂಗಿಕೊಂಡೆ. ನನಗೂ ಭಯ ಎಂದೆ. ಕೈ ಕೆಳಗಿಳಿಸಿ ನನ್ನ ಕಿವಿ ಹಿಡಿದುಕೊಂಡಳು, ಬಹಳ ಹೊತ್ತು.

ಜೂನ್ 12
ಡಾಕ್ಟರ್ ನೋಡಿದರು. ರೆಟಿನಾ ಕೂತಿದೆ. ಅವರು ತೋರಿಸಿದ ಬೆರಳು ಎಣಿಸಿದಳು, ಮೂರು ಸಲವೂ ಸರಿ. ಕ್ರೇನಿನ ಮಾತು ಮೂರು ತಿಂಗಳಾದ ಮೇಲೆ. ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದಳು. ಬಿಡಲಿಲ್ಲ. ಬಿಡು ಎಂದು ನಾನೂ ಹೇಳಲಿಲ್ಲ.
ಹಡಗಿನ ಪುಸ್ತಕ ಬಾಕಿ. ಅದರಲ್ಲಿ ಯಾರನ್ನು ಬದುಕಿಸಿದ್ದಳೋ... ಕೇಳಿದರೆ ಬಾಯಿ ಬಿಡುವುದಿಲ್ಲ.
ಬಚ್ಚಲಿಂದ ಕೂಗುತ್ತಿದ್ದಾಳೆ. ಹತ್ತು ದಿನದ ತಲೆ ತೊಳೆಯಬೇಕಂತೆ. ಕಣ್ಣಿಗೆ ಹನಿ ನೀರೂ ಬೀಳಬಾರದು, ಹಣೆಗೆ ನೀನೇ ಕೈ ಅಡ್ಡ ಹಿಡಿ ಎಂದು —